ಹಾಥಾರ್ನ್ ಮರದ ಬುಡದಲ್ಲಿ: ವಿಪತ್ತಿನ ಕಾಲದ ವಿಶ್ವಾಸ ಮತ್ತು ಮಕ್ಕಳ ಐತಿಹಾಸಿಕ ಕಾದಂಬರಿ

2011ರ ಶುಭಶುಕ್ರವಾರದಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಇಟಲಿಯ ದೂರದರ್ಶನದ ಮೂಲಕ ಕೆಲವರ ಪ್ರಶ್ನೆಗಳಿಗೆ ಉತ್ತರಿಸಿದರು. ಮೊದಲ ಪ್ರಶ್ನೆ ಜಪಾನಿನ ಏಳು ವರ್ಷದ ಬಾಲಕಿಯೊಬ್ಬಳದು. ಆರು ವಾರಗಳ ಹಿಂದೆ, ಮಾರ್ಚ್ 11ರಂದು, ಆ ದೇಶದಲ್ಲಿ ಭೂಮಿ ನಡುಗಿ ಕಡಲು ಉಕ್ಕಿತ್ತು. ಅವಳ ಮನೆಯೂ ಅಲುಗಾಡಿತ್ತು, ಅವಳ ವಯಸ್ಸಿನ ಅನೇಕ ಮಕ್ಕಳು ಸತ್ತಿದ್ದರು. ಮಕ್ಕಳು ಇಷ್ಟೊಂದು ಭಯವನ್ನೂ ದುಃಖವನ್ನೂ ಏಕೆ ಅನುಭವಿಸಬೇಕು ಎಂದು ಅವಳು ಕೇಳಿದಳು. ದೈವಶಾಸ್ತ್ರದ ಪ್ರಾಧ್ಯಾಪಕರಾಗಿ ದಶಕಗಳನ್ನು ಕಳೆದಿದ್ದ ಜಗದ್ಗುರುಗಳು ತಮಗೂ ಅದೇ ಪ್ರಶ್ನೆ ಏಳುತ್ತದೆ, ಉತ್ತರ ತಮ್ಮ ಬಳಿ ಇಲ್ಲ ಎಂದು ಒಪ್ಪಿಕೊಂಡರು. ನಿರಪರಾಧಿಯಾದ ಯೇಸುವೂ ಹೀಗೆಯೇ ನೊಂದರೆಂಬುದು ಮಾತ್ರ ತಮಗೆ ತಿಳಿದಿದೆ, ಈ ನೋವು ವ್ಯರ್ಥವಲ್ಲವೆಂಬುದು ಒಂದು ದಿನ ಅರ್ಥವಾಗುತ್ತದೆ ಎಂದು ಅವಳಿಗೆ ಹೇಳಿದರು.

ಅಂದು ಜಗದ್ಗುರುಗಳು ಹೇಳದೆ ಉಳಿಸಿದ ಉತ್ತರವನ್ನು ನಮ್ಮ ಮಕ್ಕಳ ಧಾರ್ಮಿಕ ಕಥಾಸಾಹಿತ್ಯ ಮಾತ್ರ ಬಲು ಸುಲಭವಾಗಿ ಹೇಳಿಬಿಡುತ್ತದೆ. ಬಿರುಗಾಳಿಯೋ ಪ್ಲೇಗೋ ಬರಗಾಲವೋ ಬರುತ್ತದೆ. ಮಗು ಜಪಸರವನ್ನು ಹಿಡಿಯುತ್ತದೆ. ಎಲ್ಲ ದಾರಿಗಳೂ ಮುಚ್ಚಿದವೆನ್ನುವ ಹೊತ್ತಿಗೆ ಸಹಾಯ ಬರುತ್ತದೆ. ಕೊನೆಯ ಪುಟದಲ್ಲಿ ಮಗು ಕೃತಜ್ಞತೆಯ ಬಲಿಪೂಜೆಗೆ ಹೋಗುತ್ತದೆ. ಈ ಹಂದರದಲ್ಲಿ ಸುಳ್ಳೇನೂ ಇಲ್ಲ. ಪ್ರಾರ್ಥಿಸಿ ಬದುಕಿದವರು ಇದ್ದಾರೆ, ಅವರ ಕೃತಜ್ಞತೆ ನಿಜವಾದುದೇ. ಆದರೆ ಪಕ್ಕದ ಮನೆಯಲ್ಲಿ ಅದೇ ರಾತ್ರಿ ಅದೇ ಜಪಸರವನ್ನು ಹಿಡಿದು ಸತ್ತ ಮಗುವಿನ ಮಾತೇನು? ವಿಪತ್ತಿನ ಕುರಿತ ಮಕ್ಕಳ ಕಥೆಯನ್ನು ಅಳೆಯಬೇಕಾದುದು ಬದುಕುಳಿದ ನಾಯಕನಿಂದಲ್ಲ, ಸತ್ತ ಮಗುವನ್ನು ಅದು ನಡೆಸಿಕೊಳ್ಳುವ ರೀತಿಯಿಂದ ಎಂಬುದು ನನ್ನ ಅಭಿಪ್ರಾಯ. ಲೂಕನ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿಯ ಪ್ರಸಂಗವಿದೆ. ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳೇನೂ ಆಗಿರಲಿಲ್ಲವೆಂದು ಪ್ರಭು ಸ್ಪಷ್ಟವಾಗಿ ನುಡಿಯುತ್ತಾರೆ. ಪ್ರಬೋಧನೆಯಲ್ಲಿ ಇದನ್ನು ವಿವರಿಸುವ ನಾವು ಅದರ ಇನ್ನೊಂದು ಮುಖವನ್ನು ಮರೆಯುತ್ತೇವೆ: ಗೋಪುರದಡಿ ಸಿಲುಕದೆ ಉಳಿದವರೂ ಹೆಚ್ಚು ಪುಣ್ಯವಂತರಾಗಿರಲಿಲ್ಲ. ಸತ್ತವರನ್ನು ಪಾಪಿಗಳೆಂದು ಕರೆಯುವ ಕಥೆ ಇಂದು ಯಾರೂ ಬರೆಯಲಾರರು. ಬದುಕಿದವರನ್ನು ವಿಶ್ವಾಸದ ಬಲದಿಂದ ಬದುಕಿದವರೆಂದು ಹೊಗಳುವ ಕಥೆಗಳು ಮಾತ್ರ ಬರುತ್ತಲೇ ಇವೆ, ಎರಡೂ ಒಂದೇ ಲೆಕ್ಕಾಚಾರವೆಂಬುದು ನಮಗೆ ಹೊಳೆಯುವುದಿಲ್ಲ.

ಚರಿತ್ರೆಯಲ್ಲಿ ಈ ಹಂದರಕ್ಕೆ ಒಗ್ಗದ ಘಟನೆಗಳಿವೆ. 1900ರ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನದ ಹಬ್ಬದ ದಿನವೇ, ಅಮೆರಿಕದ ಟೆಕ್ಸಾಸ್ ಕರಾವಳಿಯ ಗಾಲ್ವೆಸ್ಟನ್ ದ್ವೀಪನಗರಕ್ಕೆ ಚಂಡಮಾರುತ ಅಪ್ಪಳಿಸಿತು. ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಕಡಲ ದಂಡೆಯಲ್ಲಿದ್ದ ಸಂತ ಮೇರಿ ಅನಾಥಾಲಯದಲ್ಲಿ 93 ಮಕ್ಕಳೂ, ಮನುಷ್ಯಾವತಾರವೆತ್ತಿದ ದೈವವಾಣಿಯ ಸೇವಾಸಂಘಕ್ಕೆ ಸೇರಿದ 10 ಧರ್ಮಭಗಿನಿಯರೂ ಇದ್ದರು. ನೀರು ಏರಿದಂತೆ ಭಗಿನಿಯರು ಮಕ್ಕಳಿಂದ ‘ಅಲೆಗಳ ರಾಣಿ’ ಎಂಬ ಮಾತೆ ಮರಿಯಳ ಗೀತೆಯನ್ನು ಹಾಡಿಸಿದರು. ಬಟ್ಟೆ ಒಣಹಾಕುವ ಹಗ್ಗದಿಂದ ಪುಟ್ಟ ಮಕ್ಕಳನ್ನು ತಮ್ಮ ನಡುಪಟ್ಟಿಗೆ ಕಟ್ಟಿಕೊಂಡರು. ಹತ್ತು ಮಂದಿ ಭಗಿನಿಯರೂ ತೊಂಬತ್ತು ಮಕ್ಕಳೂ ಮುಳುಗಿದರು. ಉಳಿದವರು ಮೂವರು ಹುಡುಗರು ಮಾತ್ರ, ನೀರಿನಲ್ಲಿ ಸಿಕ್ಕ ಒಂದು ಮರಕ್ಕೆ ಜೋತುಬಿದ್ದವರು. ಆ ಸಂಘದ ಭಗಿನಿಯರು ಇಂದಿಗೂ ಪ್ರತಿವರ್ಷ ಅದೇ ದಿನ ಅದೇ ಗೀತೆಯನ್ನು ಹಾಡುತ್ತಾರೆ.

ಇದನ್ನು ಮಕ್ಕಳಿಗೆ ಹೇಗೆ ಹೇಳುವುದು? ಆ ಮೂವರು ಹುಡುಗರ ಕಣ್ಣಿನಿಂದ ಹೇಳಿದರೆ ಸಾಹಸಕಥೆಯಾಗುತ್ತದೆ, ಗೀತೆ ಪವಾಡಕ್ಕೆ ಪೀಠಿಕೆಯಾಗುತ್ತದೆ. ಆ ಗೀತೆಯನ್ನು ಹಾಡಿದವರಲ್ಲಿ ಬಹುತೇಕ ಎಲ್ಲರೂ ಸತ್ತರೆಂಬುದನ್ನು ಆಗ ಮೆಲ್ಲನೆ ದಾಟಿಹೋಗಬೇಕಾಗುತ್ತದೆ. ವರ್ಷವರ್ಷವೂ ಹಾಡುವ ಭಗಿನಿಯರಿಗೆ ಈ ಗೊಂದಲವಿಲ್ಲ. ಅವರು ಹಾಡುವುದು ಗೀತೆ ಫಲಿಸಿತೆಂದಲ್ಲ. ಮುಳುಗುವ ಮಕ್ಕಳ ನಡುವಿಗೆ ಕಟ್ಟಿದ್ದ ಹಗ್ಗದ ಇನ್ನೊಂದು ತುದಿಯಲ್ಲಿ ಒಬ್ಬ ಭಗಿನಿ ಇದ್ದಳೆಂದು.

ಕಥೋಲಿಕ ಕುಟುಂಬಗಳಲ್ಲಿ ಬಹಳ ಕಾಲದಿಂದ ಓದಲಾಗುತ್ತಿರುವ ಒಂದು ಪುಸ್ತಕವನ್ನು ಈ ಅಳತೆಗೋಲಿನಿಂದ ನೋಡೋಣ. ಮಾರ್ಗರಿಟ್ ಡಿ ಆಂಜೆಲಿಯವರ ‘ದ ಡೋರ್ ಇನ್ ದ ವಾಲ್’ 1949ರಲ್ಲಿ ಪ್ರಕಟವಾಗಿ ಮರುವರ್ಷ ನ್ಯೂಬೆರಿ ಪದಕ ಪಡೆಯಿತು. ಹದಿನಾಲ್ಕನೆಯ ಶತಮಾನದ ಲಂಡನ್, ಪ್ಲೇಗಿನ ಕಾಲ. ಸರದಾರನ ಮಗ ರಾಬಿನ್‌ನ ಕಾಲುಗಳು ಯಾವುದೋ ಕಾಯಿಲೆಯಿಂದ ಸ್ವಾಧೀನ ತಪ್ಪಿವೆ. ತಂದೆ ಯುದ್ಧದಲ್ಲಿ, ತಾಯಿ ರಾಣಿಯ ಸೇವೆಯಲ್ಲಿ. ಒಂಟಿಯಾದ ಹುಡುಗನನ್ನು ಸಹೋದರ ಲ್ಯೂಕ್ ಎಂಬ ಸನ್ಯಾಸಿ ಮಠಕ್ಕೆ ಒಯ್ದು, ಮರ ಕೆತ್ತಲು, ಓದಲು, ಈಜಲು ಕಲಿಸುತ್ತಾನೆ. ಗೋಡೆಯನ್ನು ಸವರುತ್ತ ನಡೆದರೆ ಎಲ್ಲಿಯಾದರೂ ಒಂದು ಬಾಗಿಲು ಸಿಕ್ಕೇಸಿಗುತ್ತದೆ ಎಂಬುದು ಅವನ ಉಪದೇಶ. ಊರುಗೋಲಿನ ಆ ಹುಡುಗ ಕೊನೆಗೆ, ಮುತ್ತಿಗೆಗೆ ಒಳಗಾದ ಕೋಟೆಯಿಂದ ಮಂಜಿನಲ್ಲಿ ಹೊರಬಿದ್ದು ನದಿ ಈಜಿ ಸಹಾಯ ತರುತ್ತಾನೆ. ರಾಬಿನ್‌ನ ಕಾಲುಗಳು ವಾಸಿಯಾಗುವುದಿಲ್ಲ ಎಂಬಲ್ಲಿ ಲೇಖಕಿಯ ಪ್ರಾಮಾಣಿಕತೆ ಎದ್ದು ಕಾಣುತ್ತದೆ. ಆ ಕಾಲದ ಮಕ್ಕಳ ಪುಸ್ತಕದಲ್ಲಿ ಇದು ಸಣ್ಣ ಧೈರ್ಯವಲ್ಲ. ಆದರೆ ಪ್ಲೇಗು ಇಲ್ಲಿ ಕಥೆಗೆ ಬಾಗಿಲು ತೆರೆದುಕೊಟ್ಟು ಹೊರಟುಹೋಗುತ್ತದೆ. ರಾಬಿನ್‌ಗೆ ಗಂಜಿ ತಂದುಕೊಡುತ್ತಿದ್ದ, ಅವನ ಸಿಟ್ಟಿಗೆ ಗುರಿಯಾಗುತ್ತಿದ್ದ ಸೇವಕಿ ಎಲ್ಲೆನ್ ರೋಗಕ್ಕೆ ತುತ್ತಾಗುತ್ತಾಳೆ. ಅದರ ನಂತರ ಕಥೆ ಅವಳತ್ತ ತಿರುಗಿ ನೋಡುವುದಿಲ್ಲ. ಅವಳ ಪಾಲಿನ ಗೋಡೆಯಲ್ಲಿ ಬಾಗಿಲು ಎಲ್ಲಿತ್ತೆಂದು ಸಹೋದರ ಲ್ಯೂಕನನ್ನು ಯಾರೂ ಕೇಳುವುದಿಲ್ಲ.

ಮರೀಟಾ ಕಾನ್ಲನ್-ಮೆಕೆನ್ನಾ ಅವರ ‘ಅಂಡರ್ ದ ಹಾಥಾರ್ನ್ ಟ್ರೀ’ (1990) ಹೊರಡುವುದೇ ಸತ್ತ ಮಕ್ಕಳಿಂದ. ಐರ್ಲೆಂಡಿನ ಮಹಾಕ್ಷಾಮದ ಕಾಲದ, ಗುರುತಿಲ್ಲದ ಮಕ್ಕಳ ಗೋರಿಯೊಂದು ಹಾಥಾರ್ನ್ ಎಂಬ ಮುಳ್ಳುಮರದ ಬುಡದಲ್ಲಿ ಪತ್ತೆಯಾದ ಸುದ್ದಿಯನ್ನು ಲೇಖಕಿ ರೇಡಿಯೊದಲ್ಲಿ ಕೇಳಿದ್ದರು. ಕಾದಂಬರಿ ಹುಟ್ಟಿದ್ದು ಅಲ್ಲಿ. ಇದು ಧರ್ಮೋಪದೇಶದ ಉದ್ದೇಶದಿಂದ ಬರೆದ ಪುಸ್ತಕವಲ್ಲ. ಆದರೂ ಅದರೊಳಗಿನ ಜನರ ವಿಶ್ವಾಸ ಕಥೋಲಿಕ ಬಡವರ ವಿಶ್ವಾಸ, ಅದನ್ನು ಮೆರೆಸದೆ ಮರೆಮಾಡದೆ ಲೇಖಕಿ ಚಿತ್ರಿಸಿದ್ದಾರೆ.

1845ರಲ್ಲಿ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ತಗಲಿತು. ಮುಂದಿನ ಏಳು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಕಾದಂಬರಿಯಲ್ಲಿ ತಂದೆ ರಸ್ತೆ ಕಾಮಗಾರಿಯ ಕೂಲಿಗೆ ಹೋಗಿ ಮರಳಿಲ್ಲ. ಹಸುಗೂಸು ಬ್ರಿಜೆಟ್ ಸಾಯುತ್ತದೆ. ಶವಪೆಟ್ಟಿಗೆಯಿಲ್ಲದೆ, ವಿಧಿವತ್ತಾದ ಅಂತ್ಯಕ್ರಿಯೆಯಿಲ್ಲದೆ, ತಾಯಿ ಅದನ್ನು ಹೊಲದ ಹಾಥಾರ್ನ್ ಮರದ ಬುಡದಲ್ಲಿ ಮಣ್ಣುಮಾಡುತ್ತಾಳೆ. ತಂದೆಯನ್ನು ಹುಡುಕುತ್ತ ತಾಯಿಯೂ ಹೊರಟುಹೋದ ಮೇಲೆ ಐಲಿ, ಮೈಕೆಲ್, ಪೆಗ್ಗಿ ಎಂಬ ಮೂವರು ಮಕ್ಕಳು, ಅನಾಥರನ್ನು ತುಂಬುವ ಬಡವರ ದುಡಿಮೆಮನೆಯ ಪಾಲಾಗದೆ ತಪ್ಪಿಸಿಕೊಂಡು, ಅಮ್ಮನ ಕಥೆಗಳಲ್ಲಿ ಮಾತ್ರ ಕೇಳಿದ್ದ ಅಜ್ಜಿಯರನ್ನು ಅರಸುತ್ತ ಕ್ಯಾಸಲ್‌ಟ್ಯಾಗರ್ಟ್ ಊರಿಗೆ ನಡೆಯುತ್ತಾರೆ.

ಮಣ್ಣುಮಾಡುವ ಆ ಕೆಲವು ಪುಟಗಳು ಗುರುಮಠದ ಓದುಗರು ನಿಧಾನವಾಗಿ ಓದಬೇಕಾದವು. ಐರ್ಲೆಂಡಿನ ಜನಪದ ನಂಬಿಕೆಯಲ್ಲಿ ಒಂಟಿ ಹಾಥಾರ್ನ್ ಯಕ್ಷಿಣಿಯರ ಮರ. ಅದನ್ನು ಕಡಿಯಲು ಜನ ಹೆದರುತ್ತಾರೆ. ದೀಕ್ಷಾಸ್ನಾನ ಪಡೆಯದೆ ಸತ್ತ ಕೂಸುಗಳನ್ನು ಆ ನಾಡಿನಲ್ಲಿ ಬಹುಕಾಲ ಆಶೀರ್ವದಿತ ಸ್ಮಶಾನದ ಹೊರಗೆ, ಹೀಗೆ ಒಂಟಿಯಾದ ಜಾಗಗಳಲ್ಲಿಯೇ ಹೂಳುತ್ತಿದ್ದರು. ಆದ್ದರಿಂದ ಅಲ್ಲಿನ ಓದುಗನಿಗೆ ಆ ಮರ ಬರಿಯ ನೆರಳಲ್ಲ. ಧರ್ಮಸಭೆಯ ಬೇಲಿಯ ಆಚೆಗಿನ ನೆಲ. ಅಲ್ಲಿ ಒಬ್ಬ ತಾಯಿ ಯಾರ ಅಪ್ಪಣೆಯನ್ನೂ ಕೇಳದೆ ಪ್ರಾರ್ಥಿಸುತ್ತಾಳೆ. ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುಗಳನ್ನು ದೇವರ ಕರುಣೆಗೆ ಒಪ್ಪಿಸಲು ನಮಗೆ ಗಟ್ಟಿಯಾದ ಆಧಾರವಿದೆಯೆಂದು ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಬರೆದದ್ದು 2007ರಲ್ಲಿ. ಹೊಲದ ಅಂಚಿನಲ್ಲಿ ನಿಂತ ತಾಯಂದಿರು ಆ ನಂಬಿಕೆಯನ್ನು ಅದಕ್ಕೂ ಬಹಳ ಮೊದಲೇ ಬಾಳಿದ್ದರು.

ಬ್ರಿಜೆಟ್ ಏಕೆ ಸತ್ತಳೆಂಬುದಕ್ಕೆ ಕಾದಂಬರಿ ದೇವರ ಕಡೆಯಿಂದ ಕಾರಣ ಕೊಡುವುದಿಲ್ಲ. ಮನುಷ್ಯರ ಕಡೆಯ ಕಾರಣಗಳನ್ನು ಮಾತ್ರ ಕಾಣಿಸುತ್ತದೆ: ಕೂಲಿಯೇ ಸಿಗದ ಕಾಮಗಾರಿ, ಮನೆ ಬಿಡಿಸುವ ಜಮೀನ್ದಾರನ ಆಳುಗಳು. ಈ ಸಂಯಮದ ಬೆಲೆ ಅರಿಯಲು ಆ ಕಾಲದಲ್ಲಿ ದೇವರ ಹೆಸರಿನಲ್ಲಿ ಆಡಿದ ಮಾತುಗಳನ್ನು ನೆನೆಯಬೇಕು. ಬ್ರಿಟಿಷ್ ಖಜಾನೆಯಲ್ಲಿ ಪರಿಹಾರ ಕಾರ್ಯದ ಹೊಣೆ ಹೊತ್ತಿದ್ದ ಚಾರ್ಲ್ಸ್ ಟ್ರೆವೆಲ್ಯನ್, 1848ರಲ್ಲಿ ಬರೆದ ‘ದ ಐರಿಷ್ ಕ್ರೈಸಿಸ್’ನಲ್ಲಿ ಕ್ಷಾಮವನ್ನು ಕರುಣಾಮಯ ದೈವಪಾಲನೆಯ ನೇರ ಕ್ರಿಯೆಯೆಂದು, ಐರಿಷ್ ಸಮಾಜದ ಹಳೆಯ ರೋಗಕ್ಕೆ ದೇವರೇ ಕೊಟ್ಟ ಚಿಕಿತ್ಸೆಯೆಂದು ಬಣ್ಣಿಸಿದ. ಹನ್ನೊಂದು ವರ್ಷಗಳ ನಂತರ ಮದರಾಸಿನ ಗವರ್ನರ್ ಆಗಿ ಬಂದವನೂ ಈತನೇ. ಅವನು ನಾಸ್ತಿಕನಲ್ಲ, ಶ್ರದ್ಧಾವಂತ ಕ್ರೈಸ್ತ. ದೈವಪಾಲನೆಯ ಸಿದ್ಧಾಂತ ಹೊಟ್ಟೆ ತುಂಬಿದವನ ಕೈಯಲ್ಲಿ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಕಟುವಾದ ಉದಾಹರಣೆ ಬೇಕಿಲ್ಲ. ಹೀಗಿರುವಾಗ ಮಕ್ಕಳ ಪುಸ್ತಕವೊಂದು ವಿಪತ್ತಿನಲ್ಲಿ ದೇವರ ಯೋಜನೆಯನ್ನು ಓದಿ ಹೇಳದೆ ಬಿಟ್ಟರೆ, ಅದನ್ನು ವಿಶ್ವಾಸದ ಕೊರತೆಯೆಂದು ನಾನು ಎಣಿಸಲಾರೆ.

ಹಾಗಾದರೆ ಭರವಸೆ ಎಲ್ಲಿದೆ ಎಂದು ಕೇಳಬಹುದು, ಕೇಳಲೇಬೇಕು. ಅಜ್ಜಿಯರಾದ ನ್ಯಾನೊ ಮತ್ತು ಲೀನಾರ ಮನೆಯನ್ನು ಮಕ್ಕಳು ತಲುಪುತ್ತಾರೆ, ಆದರೆ ತಂದೆ ತಾಯಿಯರು ಹಿಂತಿರುಗುವುದಿಲ್ಲ. ಪ್ರಯಾಣದುದ್ದಕ್ಕೂ ಸಹಾಯವಾಗಿ ಬಂದದ್ದು ಪವಾಡವಲ್ಲ: ಮೇರಿ ಕೇಟ್ ಎಂಬ ನಾಟಿವೈದ್ಯೆ ಮೊದಲೇ ಕೊಟ್ಟಿದ್ದ ಮದ್ದು, ಗಂಜಿಕೇಂದ್ರದ ಒಂದು ಬಟ್ಟಲು, ಪೆಗ್ಗಿಗೆ ಜ್ವರ ಏರಿದಾಗ ಹಸುವಿನ ರಕ್ತನಾಳದಿಂದ ಮೈಕೆಲ್ ತೆಗೆದು ತಂದ ರಕ್ತ. ತಂಗಿಯನ್ನು ಬಿಟ್ಟು ಹೋಗಿದ್ದರೆ ಉಳಿದಿಬ್ಬರು ಬೇಗ ತಲುಪುತ್ತಿದ್ದರು; ಅವರು ಬಿಡುವುದಿಲ್ಲ. ಗಾಲ್ವೆಸ್ಟನ್ನಿನ ಹಗ್ಗವೇ ಇಲ್ಲಿ ಬೇರೆ ರೂಪದಲ್ಲಿದೆ, ಆ ಹಗ್ಗದಿಂದ ಯಾರೂ ಬದುಕಲಿಲ್ಲ, ಇಲ್ಲಿ ಮೂವರು ಬದುಕುತ್ತಾರೆ ಎಂಬುದನ್ನು ಬಿಟ್ಟರೆ.

ಆದರೂ ನನಗೊಂದು ಅತೃಪ್ತಿಯಿದೆ. ಪುನರುತ್ಥಾನದ ಮಾತು ಈ ಪುಸ್ತಕದಲ್ಲಿ ಬಹಳ ತೆಳುವಾಗಿದೆ. ಧರ್ಮಸಭೆಯೂ ದೂರದಲ್ಲೇ ನಿಲ್ಲುತ್ತದೆ. ಸಾಯುವವರ ನಡುವೆ ಓಡಾಡಿ ಅದೇ ಜ್ವರಕ್ಕೆ ಬಲಿಯಾದ ಐರಿಷ್ ಗುರುಗಳು ಚರಿತ್ರೆಯಲ್ಲಿ ಅನೇಕರಿದ್ದರೂ ಮಕ್ಕಳ ದಾರಿಯಲ್ಲಿ ಅಂಥವರೊಬ್ಬರ ಮುಖವೂ ಸ್ಪಷ್ಟವಾಗಿ ಕಾಣುವುದಿಲ್ಲ. ಬ್ರಿಜೆಟ್ ಈಗ ಎಲ್ಲಿದ್ದಾಳೆಂದು ಓದುವ ಮಗು ಕೇಳಿದರೆ ಪುಸ್ತಕದಿಂದ ಉತ್ತರ ಸಾಲದು; ಪಕ್ಕದಲ್ಲಿ ಕುಳಿತ ಹಿರಿಯರು ಹೇಳಬೇಕು. ಸಂಕಟ ಏಕೆ ಎಂಬ ಪ್ರಶ್ನೆಗೆ ಅವಸರದ ಉತ್ತರ ಸಲ್ಲದು, ಕ್ರೈಸ್ತ ವಿಶ್ವಾಸ ಇಡಿಯಾಗಿಯೇ ಅದಕ್ಕೆ ಉತ್ತರವೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ 309ನೆಯ ಪರಿಚ್ಛೇದದಲ್ಲಿ ಹೇಳುತ್ತದೆ. ಇಡೀ ವಿಶ್ವಾಸವನ್ನು ಒಂದು ಕಾದಂಬರಿ ಹೊರಲಾರದು. ಹೊರಲು ಹೋದಾಗಲೇ ಅದು ಸುಳ್ಳಾಡತೊಡಗುತ್ತದೆ.

ಈ ಓದು ನಮಗೆ ದೂರದ್ದಲ್ಲ. ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ (1876–78) ಮೈಸೂರು ಸಂಸ್ಥಾನ ಜನಸಂಖ್ಯೆಯ ಐದನೆಯ ಒಂದು ಪಾಲನ್ನು ಕಳೆದುಕೊಂಡಿತೆಂದು ಅಂದಾಜಿದೆ. 1871ರ ಜನಗಣತಿಯಲ್ಲಿ 50 ಲಕ್ಷದಷ್ಟಿದ್ದ ಜನ 1881ರಲ್ಲಿ 42 ಲಕ್ಷದಷ್ಟಿದ್ದರು. ಆ ಬರದ ಅನಾಥ ಮಕ್ಕಳನ್ನು ಮಿಷನರಿಗಳು ಸಾಕಿದರು. ನಮ್ಮ ಕೆಲವು ಹಳೆಯ ಕ್ರೈಸ್ತ ಕುಟುಂಬಗಳ ವಂಶವೃಕ್ಷ ಅಲ್ಲಿಂದಲೇ ಆರಂಭವಾಗುತ್ತದೆ. ಅನ್ನಕ್ಕಾಗಿ ಮತ ಬದಲಿಸಿದವರೆಂಬ ಮೂದಲಿಕೆಯನ್ನೂ ಆ ಮಕ್ಕಳು ಹೊತ್ತರು. ಐರ್ಲೆಂಡಿನಲ್ಲಿ ಗಂಜಿಗಾಗಿ ಪ್ರೊಟೆಸ್ಟೆಂಟರಾದವರೆಂಬ ಮೂದಲಿಕೆಯನ್ನು ಕಥೋಲಿಕರೇ ತಮ್ಮ ನೆರೆಯವರ ಮೇಲೆ ಹೊರಿಸಿದ್ದರೆಂಬುದನ್ನು ಇಲ್ಲಿ ನೆನೆಯುವುದು ಒಳ್ಳೆಯದು. ಅವರ ಕಥೆಯನ್ನು ನಾವು ಸಾಮಾನ್ಯವಾಗಿ ಸಾಕಿದವರ ಕಡೆಯಿಂದ ಹೇಳುತ್ತೇವೆ: ಎಷ್ಟು ಮಕ್ಕಳು ಉಳಿದರು, ಎಷ್ಟು ಮಂದಿ ದೀಕ್ಷಾಸ್ನಾನ ಪಡೆದರು. ಅನಾಥಾಲಯದ ಬಾಗಿಲಿಗೆ ಬರುವ ಮುನ್ನ ದಾರಿಯಲ್ಲಿ ಆ ಮಕ್ಕಳು ಯಾವ ತಮ್ಮನನ್ನು, ಯಾವ ತಂಗಿಯನ್ನು, ಯಾವ ಮರದ ಬುಡದಲ್ಲಿ ಬಿಟ್ಟು ಬಂದರು ಎಂಬಲ್ಲಿಂದ ತೊಡಗುವ ಕಾದಂಬರಿಯನ್ನು ಕನ್ನಡದ ಮಕ್ಕಳಿಗಾಗಿ ಯಾರಾದರೂ ಬರೆದರೆ, ಅದನ್ನು ಮೊದಲು ಓದಬೇಕಾದವರು ಅವರಿಗೆ ಧರ್ಮೋಪದೇಶ ಮಾಡುವ ನಾವು.