ಬೆರಳುದ್ದದ ಮೀನಿಗೆ ಗರಿಯ ಹುಳು

ರಾಜಾಜಿನಗರದ ಅಡುಗೆಮನೆಗಳಲ್ಲಿ ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಮೋರಿಗೆ ಎನ್ನುತ್ತೇವೆ. ಆ ಮೋರಿಗೆ ಒಂದು ಹೆಸರಿದೆ, ವೃಷಭಾವತಿ. ಬಸವೇಶ್ವರನಗರ, ವಿಜಯನಗರಗಳ ನೀರನ್ನೂ ಕೂಡಿಸಿಕೊಂಡು, ಗಾಳಿ ಆಂಜನೇಯನ ಗುಡಿ ದಾಟಿ, ಮೈಸೂರು ರಸ್ತೆಯ ಮಗ್ಗುಲಲ್ಲೇ ಕೆಂಗೇರಿಗೆ ಬಂದು, ಬೈರಮಂಗಲದ ಕೆರೆಯಲ್ಲಿ ನೊರೆ ಕಾರಿ, ಕನಕಪುರದ ಕಡೆ ಅರ್ಕಾವತಿಯನ್ನು ಸೇರಿ, ಕೊನೆಗೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ವಾರಾಂತ್ಯ ಬಂತೆಂದರೆ ಇದೇ ಬಡಾವಣೆಗಳ ಕೆಲವರು ಗಾಳದ ಕೋಲನ್ನು ಕಾರಿಗೆ ಹಾಕಿಕೊಂಡು ಅದೇ ದಿಕ್ಕಿಗೆ ಹೊರಡುತ್ತಾರೆ. ಅವರು ಬಿಟ್ಟ ನೀರು ಅವರಿಗಿಂತ ಮೊದಲೇ ಹೊರಟಿರುತ್ತದೆ.

ಈ ಹವ್ಯಾಸಿಗಳಲ್ಲಿ ಒಂದು ಸಣ್ಣ ಪಂಗಡಕ್ಕೆ ಈಗ ಹೊಸ ಹುಚ್ಚು ಹತ್ತಿದೆ. ಫ್ಲೈ ಫಿಶಿಂಗ್, ಅದೂ ಬೆರಳುದ್ದ, ಗೇಣುದ್ದದ ನಾಡ ಮೀನುಗಳಿಗೆ. ಎರೆಹುಳು ಬೇಡ, ಬೆಂಡು ಬೇಡ, ಮಹಶೀರ್ ಎಂಬ ದೊಡ್ಡ ಮೀನು ಹಿಡಿಯುವವರ ರಾಗಿ ಹಿಟ್ಟಿನ ಉಂಡೆಯೂ ಬೇಡ. ಪುಟ್ಟ ಕೊಕ್ಕೆಗೆ ಕೋಳಿಗರಿ, ಮೊಲದ ತುಪ್ಪಟ, ಬಣ್ಣದ ದಾರ ಸುತ್ತಿ ಹುಳುವಿನ ವೇಷ ಹಾಕುತ್ತಾರೆ. ಈ ಹುಳುವಿಗೆ ತೂಕವೇ ಇಲ್ಲ. ಹಾಗಾಗಿ ದಪ್ಪ ದಾರದ ತೂಕದಿಂದಲೇ ಅದನ್ನು ಬೀಸಿ ನೀರಿನ ಮೇಲೆ ಮೆಲ್ಲಗೆ ಇಳಿಸಬೇಕು. ಕೈ ಪಳಗುವ ತನಕ ಮೀನಿಗಿಂತ ಹೆಚ್ಚಾಗಿ ಹಿಂದಿನ ಹೊಂಗೆ ಮರವೇ ಸಿಕ್ಕಿಬೀಳುತ್ತದೆ.

ಈ ಹವ್ಯಾಸ ಒಳ್ಳೆಯದೋ, ದುಡ್ಡಿದ್ದವರ ಮತ್ತೊಂದು ಚಪಲವೋ? ಎರಡಕ್ಕೂ ಪುರಾವೆ ಇದೆ.

ಮೊದಲು ಅದರ ಒಳ್ಳೆಯ ಗುಣ. ಎರೆಹುಳು ಕಟ್ಟಿ ಕೂತವನಿಗೆ ಯಾವ ಮೀನು ಬಂದರೂ ನಡೆಯುತ್ತದೆ. ಫ್ಲೈ ಕಟ್ಟುವವನು ಮಾತ್ರ ಮೀನಿನ ಬಾಯಿ ನೋಡಿ ಹುಳು ಕಟ್ಟಬೇಕು. ಗಾರಾ ಜಾತಿಯ ಮೀನಿಗೆ ಬಾಯಿ ತಲೆಯ ಅಡಿಯಲ್ಲಿದೆ. ಬಂಡೆಗೆ ಅಂಟಿಕೊಂಡು ಪಾಚಿ ಕೆರೆದು ತಿನ್ನುವ ಅದು ಮೇಲೆ ತೇಲುವ ಗರಿಯತ್ತ ತಲೆ ಎತ್ತುವುದಿಲ್ಲ. ಮೈಮೇಲೆ ನೀಲಿ ಪಟ್ಟೆಗಳ ಬರಿಲಿಯಸ್ ಗುಂಪಿನ ಮೀನುಗಳದು ಮುಂದಕ್ಕೆ ಸೀಳಿದ ಅಗಲ ಬಾಯಿ; ಹರಿಯುವ ನೀರಿನಲ್ಲಿ ಹುಳು ಬಿದ್ದ ಕ್ಷಣಕ್ಕೇ ಎಗರುತ್ತವೆ. ಡೆವಾರಿಯೊ, ರಾಸ್ಬೋರಾಗಳು ಗುಂಪುಗುಂಪಾಗಿ ಮೇಲ್ನೀರಿನಲ್ಲೇ ಮೇಯುತ್ತವೆ. ಹಳ್ಳಿಗಳಲ್ಲಿ ಪಕ್ಕೆ ಎನ್ನುವ ಪುಂಟಿಯಸ್‌ಗಳು ಹುಳುವನ್ನು ಮೂಸಿ, ಕಚ್ಚಿ, ಉಗಿದು ಆಟವಾಡಿಸುತ್ತವೆ. ಕೊರಮೀನಿನ ಚಿಕ್ಕ ದಾಯಾದಿ ಚನ್ನಾ ಗಚುವಾ ದಡದ ಬೇರಿನ ಸಂದಿಯಲ್ಲಿ ಅಡಗಿದ್ದು ಒಮ್ಮೆಲೇ ಮೇಲೆ ಬೀಳುತ್ತದೆ. ಇಷ್ಟು ತಿಳಿಯದೆ ಒಂದು ಫ್ಲೈಯನ್ನೂ ಸರಿಯಾಗಿ ಕಟ್ಟಲಾಗುವುದಿಲ್ಲ. ಮೀನಿನ ಜೊತೆಗೆ ಹುಳುವಿನ ಪಾಠವೂ ಆಗಬೇಕು. ಕಲ್ಲು ಎತ್ತಿ ನೋಡಿದರೆ ಅಡಿಯಲ್ಲಿ ಮೇಫ್ಲೈ ಮರಿಗಳಿವೆಯೇ? ಇದ್ದರೆ ನೀರಿನಲ್ಲಿ ಆಮ್ಲಜನಕ ಚೆನ್ನಾಗಿದೆ ಎಂದರ್ಥ. ಬರೀ ಕೆಂಪು ಹುಳುಗಳಿದ್ದರೆ ಕೊಳಚೆ ಸೇರಿದೆ. ಕೆಂಗೇರಿಯ ಸೇತುವೆಯ ಕೆಳಗೆ ಈ ಪರೀಕ್ಷೆ ಮಾಡುವ ಅಗತ್ಯವಿಲ್ಲ, ಮೂಗೇ ಸಾಕು.

ಕರ್ನಾಟಕದಲ್ಲಿ ಇದರ ಬೇರು ಹಳೆಯದು. ಹೆನ್ರಿ ಸಲಿವನ್ ಥಾಮಸ್ ಎಂಬ ಮದರಾಸು ಸಿವಿಲ್ ಸರ್ವಿಸಿನ ಅಧಿಕಾರಿ ದಕ್ಷಿಣ ಕನ್ನಡದಲ್ಲಿ ಕೆಲಸ ಮಾಡುತ್ತಿದ್ದಾಗ, 1870ರಲ್ಲಿ ಆ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ಒಂದು ವರದಿ ಬರೆದ. ಅವನ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಭಾರತದಲ್ಲಿ ಗಾಳದ ಬಗ್ಗೆ ಬಂದ ಪುಸ್ತಕಗಳಿಗೆಲ್ಲ ಇದೇ ಹಿರಿಯಣ್ಣ. 1887ರಲ್ಲಿ ‘ಟ್ಯಾಂಕ್ ಆ್ಯಂಗ್ಲಿಂಗ್ ಇನ್ ಇಂಡಿಯಾ’ ಬಂತು. ಅದು ಕೆರೆಗಳಿಗೇ ಮೀಸಲು. ನದಿಗೆ ಹೋಗಲಾಗದ ಅಧಿಕಾರಿ ಸಂಜೆ ಕೆರೆ ಏರಿಯ ಮೇಲೆ ಏನು ಹಿಡಿಯಬಹುದು ಎಂಬ ಪ್ರಶ್ನೆಗೆ ಒಂದು ಇಡೀ ಪುಸ್ತಕ! ಇವತ್ತಿನ ಬೆಂಗಳೂರಿಗನಿಗೆ ಮೊದಲ ಪುಸ್ತಕದ ಮಹಶೀರ್ ಪುಟಗಳಿಗಿಂತ ಇದೇ ಹತ್ತಿರದ್ದು.

ಥಾಮಸನ ದೊಡ್ಡಸ್ತಿಕೆ ಅವನ ಕಣ್ಣಿನಲ್ಲಿದೆ. ಮೀನು ಏನು ತಿನ್ನುತ್ತದೆ, ಹೇಗೆ ತಿನ್ನುತ್ತದೆ ಎಂದು ನೋಡಿ ಬರೆದವನು ಅವನು. ದೊಡ್ಡ ಮೀನಿನ ಮೋಹ ಅವನಿಗೂ ಇತ್ತು. ಆದರೂ ಸಣ್ಣದನ್ನು ಅವನು ಬಿಟ್ಟುಬಿಡಲಿಲ್ಲ. ಸಣ್ಣ ಕಣ್ಣಿನ ಬಲೆ, ಗದ್ದೆಯ ತೂಬಿಗೆ ಇಟ್ಟ ಕೂಳಿಗಳಲ್ಲಿ ಮರಿಗಳು ರಾಶಿರಾಶಿ ಸಾಯುವುದನ್ನು ತಡೆಯಬೇಕೆಂದು ಸರ್ಕಾರಕ್ಕೆ ಪಟ್ಟು ಹಿಡಿದು ಹೇಳಿದ. ಡೈನಮೈಟ್, ವಿಷ ಹಾಕಿ ಮೀನು ಕೊಲ್ಲುವುದನ್ನು ನಿಷೇಧಿಸಿದ ಭಾರತೀಯ ಮೀನುಗಾರಿಕೆ ಕಾಯ್ದೆ 1897ರಲ್ಲಿ ಬಂತು. ಅದರ ಹಿಂದೆ ಇಂಥವರ ಒತ್ತಾಯ ಇತ್ತು.

ಅವನ ದೋಷವೂ ಅಲ್ಲೇ ಇದೆ. ಹೊಟ್ಟೆಗಾಗಿ ಕೂಳಿ ಇಟ್ಟವನನ್ನು ಮೀನಿನ ಶತ್ರು ಎಂದು ನೋಡುವ ಕಣ್ಣಿಗೆ, ಮೋಜಿಗಾಗಿ ಕೋಲು ಬೀಸುವ ತನ್ನಂಥವನು ಮೀನಿನ ಮಿತ್ರನಾಗಿ ಕಾಣುತ್ತಾನೆ. ಈ ಕಣ್ಣು ಇಂದಿಗೂ ಹೋಗಿಲ್ಲ. ಕೆರೆ ದಡದಲ್ಲಿ ಬಿದಿರ ಕೋಲು ಹಿಡಿದ ಹುಡುಗನನ್ನು ಕಾವಲುಗಾರ ಓಡಿಸುತ್ತಾನೆ; ವಿದೇಶಿ ರೀಲು, ಎದೆಯುದ್ದದ ರಬ್ಬರು ಬೂಟಿನವನನ್ನು ‘ಸರ್, ಪರ್ಮಿಷನ್ ಇದೆಯಾ?’ ಎಂದು ಕೇಳುತ್ತಾನೆ. ಕಾನೂನು ಇಬ್ಬರಿಗೂ ಒಂದೇ. ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ, 1996, ಕೋಲಿನ ಬೆಲೆ ನೋಡುವುದಿಲ್ಲ.

ಬೆಲೆಯ ಮಾತು ಬಂತಲ್ಲ. ಮೂರಂಗುಲದ ಮೀನು ಹಿಡಿಯಲು ಸಮುದ್ರದಾಚೆಯ ಕೋಲು ಏಕೆ ಬೇಕು ಎಂಬುದು ನನಗೆ ಅರ್ಥವಾಗಿಲ್ಲ. ಜಪಾನಿನ ಬೆಟ್ಟದ ಹಳ್ಳಿಗರು ತಲೆಮಾರುಗಳಿಂದ ತೆಂಕಾರಾ ಎಂಬ ಪದ್ಧತಿಯಲ್ಲಿ ಉದ್ದ ಕೋಲಿನ ತುದಿಗೆ ದಾರ ಕಟ್ಟಿ, ರೀಲು ಇಲ್ಲದೆ, ಒಂದು ಗರಿಯ ಹುಳುವಿನಿಂದ ತೊರೆಯ ಮೀನು ಹಿಡಿದವರು. 2009ರ ಹೊತ್ತಿಗೆ ಅಮೆರಿಕದ ವ್ಯಾಪಾರಿಗಳು ಅದನ್ನು ಪೆಟ್ಟಿಗೆಗೆ ಹಾಕಿ ಮಾರತೊಡಗಿದ ಮೇಲೆ ನಮ್ಮವರ ಕಣ್ಣಿಗೂ ಬಿತ್ತು. ನಮ್ಮ ಗಾಳದ ಕೋಲು ಇನ್ನೇನು? ಬಿದಿರು, ತುದಿಗೆ ದಾರ, ರೀಲಿಲ್ಲ. ಎರೆಹುಳುವಿನ ಜಾಗದಲ್ಲಿ ಗರಿ ಕಟ್ಟಿದರೆ ಅರ್ಧ ದಾರಿ ಮುಗಿಯಿತು. ಮೂಡಿಗೆರೆಯ ತೇಜಸ್ವಿಯವರ ಗಾಳದ ಹುಚ್ಚು ಕನ್ನಡ ಓದುಗರಿಗೆಲ್ಲ ಗೊತ್ತು. ಅವರನ್ನು ಓದಿ ಬೆಳೆದವರಿಗೆ ಈ ಹವ್ಯಾಸ ಪರಕೀಯವಾಗಬೇಕಿಲ್ಲ. ಪರಕೀಯವಾಗಿರುವುದು ಅದರ ಅಂಗಡಿ ಮಾತ್ರ.

ಇನ್ನು ‘ಹಿಡಿದು ಬಿಡುತ್ತೇವೆ, ಕೊಲ್ಲುವುದಿಲ್ಲ’ ಎಂಬ ವಾದ. ಹತ್ತಾರು ಕಿಲೋ ತೂಗುವ ಮಹಶೀರ್ ಕೆಲವು ನಿಮಿಷದ ಹೋರಾಟ ತಾಳಿಕೊಂಡೀತು. ಹತ್ತು ಗ್ರಾಂ ತೂಗದ ರಾಸ್ಬೋರಾದ ಬಾಯಿಗೆ ಕೊಕ್ಕೆಯೇ ದೊಡ್ಡ ಗಾಯ. ಒಣ ಅಂಗೈಯಲ್ಲಿ ಹಿಡಿದು, ಪಕ್ಕದಲ್ಲಿ ಅಳತೆಗೆ ನಾಣ್ಯ ಇಟ್ಟು, ಫೋಟೊ ತೆಗೆದು ನೀರಿಗೆ ಎಸೆದರೆ ಮೈಮೇಲಿನ ಲೋಳೆ ಹೋಗಿರುತ್ತದೆ, ಕಿವಿರು ಒಣಗಿರುತ್ತದೆ. ಏಪ್ರಿಲ್ ತಿಂಗಳ ಬೆಚ್ಚನೆಯ ನೀರಿನಲ್ಲಿ ಮೊದಲೇ ಆಮ್ಲಜನಕ ಕಡಿಮೆ. ಮೀನು ಈಜಿಕೊಂಡು ಹೋಯಿತು ಎಂದರೆ ಬದುಕಿತು ಎಂದಲ್ಲ. ಮುಳ್ಳಿಲ್ಲದ ಕೊಕ್ಕೆ, ಒದ್ದೆ ಕೈ, ನೀರು ತುಂಬಿದ ಸಣ್ಣ ಗಾಜಿನ ಪೆಟ್ಟಿಗೆಯಲ್ಲೇ ಫೋಟೊ: ಈ ಮೂರನ್ನು ಪಾಲಿಸದವನಿಗೆ ಹಿಡಿದು ಬಿಡುವ ಮಾತಾಡುವ ಹಕ್ಕಿಲ್ಲ. ಮುಂಗಾರಿನ ಹೊಸ ನೀರಿಗೆ ಮೀನು ಮೊಟ್ಟೆಯಿಡಲು ಮೇಲೇರುವ ವಾರಗಳಲ್ಲಂತೂ ಕೋಲು ಅಟ್ಟದಲ್ಲೇ ಇರಲಿ.

ಹಾಗಾದರೆ ಈ ಆಟಕ್ಕೆ ಸಮರ್ಥನೆ ಏನು? ಊಟಕ್ಕಲ್ಲ, ಸೆಣಸಾಟದ ಮಜಾ ಎನ್ನಲು ಮೂರಂಗುಲದ ಮೀನಿನಲ್ಲಿ ಸೆಣಸುವ ಬಲವೂ ಇಲ್ಲ. ಉಳಿಯುವುದು ಒಂದೇ, ತಿಳಿವಳಿಕೆ. ಅದನ್ನು ಬರೆದಿಟ್ಟರೆ ಮಾತ್ರ ಅದಕ್ಕೆ ಬೆಲೆ.

ಇದಕ್ಕೆ ಸಾಕ್ಷಿ ಕಾವೇರಿಯಲ್ಲೇ ಇದೆ. ಗಾಳಿಬೋರೆಯ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮಹಶೀರ್‌ಗಳ ಲೆಕ್ಕ ಇಟ್ಟಿದ್ದರು. ಯಾರು, ಎಷ್ಟು ಹೊತ್ತು ಕೂತರು, ಯಾವ ಮೀನು, ಎಷ್ಟು ತೂಕ. ಆರು ಸಾವಿರಕ್ಕೂ ಹೆಚ್ಚು ಮೀನುಗಳ ಈ ದಾಖಲೆಯನ್ನು ಸಂಶೋಧಕರು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದಾಗ ಕಂಡದ್ದು ಇದು: ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಿದೆ, ಕಾವೇರಿಯ ಸ್ವಂತ ಡುಬ್ಬದ ಮಹಶೀರ್ ಕುಸಿಯುತ್ತಿದೆ. ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು ಹಿಡಿದ 120 ಪೌಂಡಿನ ಮೀನಿನಿಂದ ಜಗತ್ತಿಗೆಲ್ಲ ಹೆಸರಾಗಿದ್ದ ಆ ಮೀನಿಗೆ ಅಷ್ಟು ಕಾಲ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. 2018ರಲ್ಲಿ ಅದು ಟಾರ್ ರೆಮಾದೇವಿ ಎಂದು ಖಚಿತವಾಯಿತು. ಅದೇ ವರ್ಷ ತೀರಾ ಅಳಿವಿನಂಚಿನ ಪಟ್ಟಿಗೂ ಸೇರಿತು. ಅಷ್ಟು ಹೊತ್ತಿಗೆ ಆ ಶಿಬಿರವಿದ್ದ ವನ್ಯಧಾಮದೊಳಗೆ ಗಾಳ ಹಾಕುವುದು ನಿಂತುಹೋಗಿತ್ತು. ನಿಲ್ಲಿಸಿದ್ದು ಸರಿಯೇ ಎಂಬ ಜಗಳ ಇನ್ನೂ ಇದೆ. ಆದರೆ ಆ ಲೆಕ್ಕದ ಪುಸ್ತಕ ಇಲ್ಲದಿದ್ದರೆ ಜಗಳವಾಡಲೂ ಆಧಾರ ಇರುತ್ತಿರಲಿಲ್ಲ.

ದೊಡ್ಡ ಮೀನಿಗೆ ಲೆಕ್ಕದ ಪುಸ್ತಕ ಸಿಕ್ಕಿತು. ಸಣ್ಣ ಮೀನಿಗೆ?

ಸಿಕ್ಕ ಕಾಲವೊಂದಿತ್ತು, ಅದೂ ಬೆಂಗಳೂರಿನಲ್ಲೇ. ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್, ಮುಂದೆ 1932ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರಾದವರು, 1920ರಲ್ಲೇ ಮೈಸೂರು ಸೀಮೆಯ ಹೊಸ ಮೀನುಗಳನ್ನು ವಿವರಿಸಿದ್ದರು. ಮೀನು ತಜ್ಞ ಸುಂದರಲಾಲ್ ಹೋರಾ 1937ರಲ್ಲಿ ಕೊಡಗಿನ ಕಾವೇರಿಯ ಒಂದು ಪುಟಾಣಿ ಮೀನಿಗೆ ಇವರ ಹೆಸರಿಟ್ಟರು. ಇಂದು ಅದು ಪೆಥಿಯಾ ನಾರಾಯಣಿ. ಭೀಮಾಚಾರ್ ಮತ್ತು ಸುಬ್ಬರಾವ್ 1941ರಲ್ಲಿ ಕಡೂರು ಜಿಲ್ಲೆಯ, ಎಂದರೆ ತೇಜಸ್ವಿಯವರ ಚಿಕ್ಕಮಗಳೂರಿನ, ಮೀನುಗಳ ಪಟ್ಟಿ ಮಾಡಿದರು. ಇವರಿಗೆ ಬೆರಳುದ್ದದ ಮೀನು ಕಸವಾಗಿರಲಿಲ್ಲ.

ಆಮೇಲಿನ ಸರ್ಕಾರಿ ಕಣ್ಣಿಗೆ ತೂಗುವ ಮೀನು ಮಾತ್ರ ಮೀನಾಯಿತು. ಕೆರೆ ಗುತ್ತಿಗೆಗೆ ಹೋದಲ್ಲೆಲ್ಲ ಕಾಟ್ಲ, ರೋಹು, ಮೃಗಾಲ್ ಮರಿ ಬಿದ್ದವು. ಇವು ಗಂಗೆಯ ಕಡೆಯವು, ಕಾವೇರಿಗೆ ನೆಂಟರು. 1928ರಲ್ಲಿ ಸೊಳ್ಳೆ ತಿನ್ನಲೆಂದು ದೇಶಕ್ಕೆ ತಂದ ಗಂಬೂಸಿಯಾ ಮೀನು ಸೊಳ್ಳೆ ಮರಿಯ ಜೊತೆ ಬೇರೆ ಮೀನಿನ ಮೊಟ್ಟೆ ಮರಿಯನ್ನೂ ತಿಂದಿತು. 1952ರಲ್ಲಿ ಜಿಲೇಬಿ ಮೀನು ಬಂತು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ 2000ದಲ್ಲೇ ನಿಷೇಧವಾದರೂ ಕೊಳಚೆ ಕೆರೆಗಳಲ್ಲಿ ಅದು ಆರಾಮಾಗಿದೆ. ಇನ್ನು ಕೆರೆಗಳೇ ಹೋದ ಕಥೆ ಪಶ್ಚಿಮ ಬೆಂಗಳೂರಿಗೆ ಹೇಳಬೇಕಿಲ್ಲ: ಕುರುಬರಹಳ್ಳಿ ಕೆರೆ ಬಡಾವಣೆಯಾಯಿತು, ಶಿವನಹಳ್ಳಿ ಕೆರೆ ಆಟದ ಮೈದಾನವೂ ಬಸ್ ನಿಲ್ದಾಣವೂ ಆಯಿತು. ಕೆರೆಗಳಿಗೆ ಸೈಟ್ ನಂಬರು ಇದೆ. ಅಲ್ಲಿದ್ದ ಪಕ್ಕೆಗಳಿಗೆ ಯಾವ ಕಡತದಲ್ಲೂ ಜಾಗ ಸಿಗಲಿಲ್ಲ.

ಆದ್ದರಿಂದ ಸಣ್ಣ ಮೀನಿನ ಫ್ಲೈ ಫಿಶಿಂಗ್‌ಗೆ ನಾನು ಕೊಡುವ ಅಂಕ ಷರತ್ತಿನ ಮೇಲಿದೆ. ದೊಡ್ಡ ಮೀನಿನ ಬೇಟೆಗಿಂತ, ದುಡ್ಡು ಕೊಟ್ಟು ಸಾಕಿದ ಮೀನು ಹಿಡಿಯುವ ಕೊಳಗಳಿಗಿಂತ ಇದು ಖಂಡಿತ ಮೇಲು; ನೋಡುವುದನ್ನು ಕಲಿಸುತ್ತದೆ. ಊಟಿ ಬಳಿಯ ಅವಲಾಂಚೆಯಲ್ಲಿ 1907ರಲ್ಲಿ ವಿದೇಶದ ಟ್ರೌಟ್ ಮೀನಿನ ಮರಿಕೇಂದ್ರ ಕಟ್ಟಿದ ಬಿಳಿಯರಿಗೆ ಇಲ್ಲಿಯ ಮೀನು ಆಟಕ್ಕೆ ಸಾಲದು ಅನ್ನಿಸಿತ್ತು. ಈ ಹವ್ಯಾಸಿಗಳು ಸಾಕು ಎನ್ನುತ್ತಿದ್ದಾರೆ. ಅದು ಸಣ್ಣ ಮಾತಲ್ಲ. ಆದರೆ ಫೋಟೊಗೆ ಲೈಕು ಗಿಟ್ಟಿಸಿ ಮರೆತುಬಿಡುವುದಾದರೆ, ಮೀನಿನ ಬಾಯಿಗೆ ಸುಮ್ಮನೆ ಗಾಯ ಮಾಡಿದಂತಾಯಿತು, ಅಷ್ಟೆ.

ಮಂಚನಬೆಲೆಯ ಕೆಳಗಿನ ಅರ್ಕಾವತಿಗೋ, ಮಲೆನಾಡಿನ ಹಳ್ಳಕ್ಕೋ ಹೋಗುವವರು ಮೀನುಗಾರಿಕೆ ಇಲಾಖೆಯ ಅನುಮತಿ ಪಡೆದು, ವನ್ಯಧಾಮದ ಗಡಿಯಿಂದ ಹೊರಗಿದ್ದು, ಜೊತೆಗೊಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ, ಜಾಗ, ನೀರಿನ ಬಣ್ಣ, ಕಲ್ಲಿನಡಿಯ ಹುಳು, ಮೀನಿನ ಜಾತಿ, ಅಳತೆ, ಏನೂ ಸಿಗದ ದಿನದ ಶೂನ್ಯವೂ ಸೇರಿ, ಕನ್ನಡದಲ್ಲೇ ಬರೆಯಿರಿ. ಆ ಊರಿನವರು ಆ ಮೀನಿಗೆ ಏನನ್ನುತ್ತಾರೆ ಎಂದು ಕೇಳಿ ಬರೆಯಿರಿ. ವರ್ಷಕ್ಕೊಮ್ಮೆ ಅದನ್ನು ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಕೊಡಿ. ಅಷ್ಟು ಮಾಡಲು ಮನಸ್ಸಿಲ್ಲದಿದ್ದರೆ ಕೋಲು ಮನೆಯಲ್ಲಿಟ್ಟು ಬರೀ ದುರ್ಬೀನು ಹಿಡಿದು ಹೋಗಿ; ಮೀನಿಗೆ ಅದರಿಂದ ನಷ್ಟವೇನಿಲ್ಲ.