ಮಾಳಿಗೆಯ ಮೇಲಿನ ಡಿಶ್, ಮನೆಯೊಳಗಿನ ಭಾಷೆ

ಮೊಳಕಾಲ್ಮುರು ತಾಲೂಕಿನ ದೇವಸಮುದ್ರದಂತಹ ಊರಿನಲ್ಲಿ ಹೊಸ ಮನೆಯೊಂದು ಎದ್ದಿತೆಂದರೆ, ಗೋಡೆಯ ಬಣ್ಣ ಒಣಗುವ ಮುನ್ನವೇ ಒಂದು ಪ್ರಶ್ನೆ ಏಳುತ್ತದೆ: ಟಿ.ವಿ.ಗೆ ಏನು ಹಾಕಿಸೋಣ? ಕೇಬಲ್ಲೋ, ತಿಂಗಳ ಹಣ ಕಟ್ಟುವ ಡಿಶ್ಶೋ, ಹಣ ಕೇಳದ ಫ್ರೀ ಡಿಶ್ಶೋ, ಇಲ್ಲಾ ಇಂಟರ್‌ನೆಟ್ಟೋ? ಯಜಮಾನರು ಖರ್ಚಿನ ಲೆಕ್ಕ ಹಾಕುತ್ತಾರೆ. ಹುಡುಗರು ಚಿತ್ರ ಎಷ್ಟು ಸ್ಪಷ್ಟ ಎಂದು ಕೇಳುತ್ತಾರೆ. ಅಡುಗೆಮನೆಯಲ್ಲಿರುವವರನ್ನು ಯಾರೂ ಕೇಳುವುದಿಲ್ಲ. ಬಾಗಿಲು ಯಾವ ದಿಕ್ಕಿಗಿರಬೇಕೆಂದು ತಿಂಗಳುಗಟ್ಟಲೆ ಚರ್ಚಿಸುವ ನಾವು, ಪ್ರತಿ ಸಂಜೆ ಮನೆಯೊಳಗೆ ಕುಳಿತು ಮಾತನಾಡಲಿರುವ ಈ ಅತಿಥಿ ಯಾವ ಭಾಷೆಯವನು, ಏನು ಹೇಳುತ್ತಾನೆ ಎಂಬುದನ್ನು ಐದೇ ನಿಮಿಷದಲ್ಲಿ ತೀರ್ಮಾನಿಸಿಬಿಡುತ್ತೇವೆ.

ಒಂದು ಕಾಲದಲ್ಲಿ ಇದು ಮನೆಮನೆಯ ತೀರ್ಮಾನವಾಗಿರಲಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿ.ವಿ. ತಲುಪಿತು. ನಮ್ಮ ರಾಜ್ಯದಲ್ಲಿ ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿಗೂಡಿಗೆ ಬಳಸುವಂತಹ ತಂತಿಬಲೆಯ ದೊಡ್ಡದೊಂದು ಛತ್ರಿ, ಊರಿಗೆಲ್ಲ ಸೇರಿ ಒಂದು ಪೆಟ್ಟಿಗೆ, ಅದರಲ್ಲಿ ಕೃಷಿ, ಆರೋಗ್ಯ, ಶಿಕ್ಷಣದ ಮಾತು. ಸರಕಾರವೇ ಎಲ್ಲವನ್ನೂ ಆರಿಸಿಕೊಡುತ್ತಿದ್ದ ಆ ಕಾಲವನ್ನು ಹೊಗಳಬೇಕಾಗಿಲ್ಲ. ಆದರೆ ನೋಡುವವರ ಭಾಷೆಯಲ್ಲಿ ಮಾತನಾಡಬೇಕೆಂಬ ಎಚ್ಚರ ಅದಕ್ಕಿತ್ತು.

ಇಂದು ದೂರದರ್ಶನದ ಹಳೆಯ ಮರುಪ್ರಸಾರ ಕೇಂದ್ರಗಳು ಬಹುತೇಕ ಮುಚ್ಚಿವೆ. ಮಾಳಿಗೆಯ ಅಂಟೆನಾ ಈಗ ಕಾಗೆ ಕೂರುವ ಕಂಬಿ ಅಷ್ಟೆ. ಅದರ ಜಾಗಕ್ಕೆ ಬಂದದ್ದು 2004ರ ಡಿಸೆಂಬರ್‌ನಲ್ಲಿ ಡಿ.ಡಿ. ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ಫ್ರೀ ಡಿಶ್. ಡಿಶ್ ಮತ್ತು ಪೆಟ್ಟಿಗೆಗೆ ಒಮ್ಮೆ ಹಣ ಕೊಟ್ಟು, ಆಗ್ನೇಯಕ್ಕೆ ಮುಖ ಮಾಡಿ ಕೂರಿಸಿದರೆ ಮುಗಿಯಿತು. ಜೋರು ಮಳೆಗೆ ಚಿತ್ರ ನಿಲ್ಲುತ್ತದೆ ಎಂಬ ದೂರಿದೆ. ನಮ್ಮ ಈ ಬರದ ಸೀಮೆಯಲ್ಲಿ ಮಳೆ ಬಂದು ಟಿ.ವಿ. ನಿಂತರೆ ಬೇಸರಪಡುವವರು ಯಾರು?

ನಿಜವಾದ ದೂರು ಬೇರೆಯೇ ಇದೆ. ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಜಾಗ ಕೊಳ್ಳುತ್ತವೆ. ಹರಾಜೆಂದ ಮೇಲೆ ಮಾರುಕಟ್ಟೆ ದೊಡ್ಡದಿರುವ ಹಿಂದಿಗೇ ಮೇಲುಗೈ. ಕನ್ನಡದ ಪಾಲಿಗೆ ಮುಖ್ಯವಾಗಿ ಉಳಿದದ್ದು ಚಂದನ. ಅಂದರೆ ಹಿಂದಿಯ ಸಿನಿಮಾ, ಧಾರಾವಾಹಿ ಬಡವನಿಗೆ ಪುಕ್ಕಟೆ. ಜನಪ್ರಿಯ ಕನ್ನಡ ಧಾರಾವಾಹಿಗೆ ಅವನು ತಿಂಗಳು ತಿಂಗಳು ಹಣ ತೆರಬೇಕು! ಆಂಧ್ರದ ರಾಯದುರ್ಗ ಮಗ್ಗುಲಲ್ಲೇ ಇರುವ, ಕನ್ನಡ, ತೆಲುಗು, ದಖನಿ ಉರ್ದು ಮೂರೂ ಕಿವಿಗೆ ಬೀಳುವ ಈ ಗಡಿನಾಡಿನಲ್ಲಿ ಇದು ಸಣ್ಣ ವಿಷಯವಲ್ಲ. ಮನೆಯಲ್ಲಿ ಉರ್ದು ಆಡುವ ಮಗುವಿಗೆ ಶಾಲೆಯ ಆಚೆಗೂ ಕನ್ನಡ ಕೇಳಿಸುವ ಒಂದು ದಾರಿ ಟಿ.ವಿ. ಹಿಂದಿ ಹೇಗೂ ಅರ್ಥವಾಗುತ್ತದೆಂದು ನಾವೇ ಆ ದಾರಿಯನ್ನು ಮುಚ್ಚುತ್ತಿದ್ದೇವೆ. ಚಂದನ ಸಪ್ಪೆ ಎನ್ನುವವರು, 2002ರಲ್ಲಿ ಆರಂಭವಾಗಿ ಸಾವಿರಾರು ಕಂತು ಕಂಡ ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ'ಯನ್ನು ನೆನೆಯಲಿ. ಸರಿಯುತ್ತರಕ್ಕೆ ಪುಸ್ತಕವನ್ನು ಬಹುಮಾನ ಕೊಟ್ಟ ಕಾರ್ಯಕ್ರಮ ಅದು. ಆದರೆ ಒಂದು ಒಳ್ಳೆಯ ಕಾರ್ಯಕ್ರಮ ಇಡೀ ಭಾಷೆಯ ಭಾರ ಹೊರಲಾರದು. ಹರಾಜಿನ ಲೆಕ್ಕವನ್ನಷ್ಟೇ ನೋಡದೆ ಕನ್ನಡಕ್ಕೆ ಜಾಗ ಮಾಡಿಕೊಡುವುದು ಪ್ರಸಾರ ಭಾರತಿಯ ಹೊಣೆ.

ಹಣ ಕೊಟ್ಟು ನೋಡುವವರ ಪಾಡೇನು? 2019ರ ಫೆಬ್ರವರಿ 1ರಿಂದ ಜಾರಿಗೆ ಬಂದ ಟ್ರಾಯ್ ನಿಯಮದಂತೆ, ಕೇಬಲ್ ಇರಲಿ ಡಿಶ್ ಇರಲಿ, ಚಾನೆಲ್‌ಗಳನ್ನು ಒಂದೊಂದಾಗಿ ಆರಿಸಿಕೊಳ್ಳುವ ಹಕ್ಕು ನಮಗಿದೆ. ಆದರೂ ಹಾಕಿಕೊಡುವವರು ಹೇಳಿದ 'ಪ್ಯಾಕ್' ಒಪ್ಪಿಕೊಳ್ಳುವುದೇ ರೂಢಿ. ಸುದ್ದಿ ಚಾನೆಲ್‌ಗಳೂ ಆ ಕಟ್ಟಿನಲ್ಲೇ ಬರುತ್ತವೆ. 2020ರಲ್ಲಿ ಕೊರೋನಾ ಹರಡಿದಾಗ ತಬ್ಲೀಗಿ ಜಮಾಅತ್ ಹೆಸರಿನಲ್ಲಿ ಒಂದು ಸಮುದಾಯದ ಮೇಲೆಯೇ ಗೂಬೆ ಕೂರಿಸಿದ್ದನ್ನು ನಾವು ನಮ್ಮ ನಮ್ಮ ಮನೆಯಲ್ಲೇ ಕುಳಿತು ನೋಡಿದೆವು. ಆ ಪ್ರಸಾರಕ್ಕಾಗಿ 2021ರ ಜೂನ್‌ನಲ್ಲಿ ಸುದ್ದಿ ವಾಹಿನಿಗಳದೇ ಸ್ವನಿಯಂತ್ರಣ ಸಂಸ್ಥೆಯು ಒಂದು ಕನ್ನಡ ಸುದ್ದಿ ಚಾನೆಲ್‌ಗೆ 1 ಲಕ್ಷ, ಇನ್ನೊಂದಕ್ಕೆ 50 ಸಾವಿರ ರೂಪಾಯಿ ದಂಡ ಹಾಕಿತು. ದಂಡದ ಸುದ್ದಿ ಎಷ್ಟು ಜನರಿಗೆ ಮುಟ್ಟಿತು? ಅಷ್ಟರಲ್ಲಿ ಅಕ್ಕಪಕ್ಕದವರ ನಡುವೆ ಅನುಮಾನ ಬಿತ್ತಿ ಆಗಿತ್ತು.

ಇದರ ಸಹವಾಸವೇ ಬೇಡವೆಂದು ಇಂಟರ್‌ನೆಟ್ ನಂಬುವವರಿದ್ದಾರೆ. ಅಲ್ಲಿ ಆಯ್ಕೆ ಅಪಾರ, ನಿಜ. ಆದರೆ ಒಂದೇ ಕೋಣೆಯಲ್ಲಿ ನಾಲ್ವರು ನಾಲ್ಕು ಮೊಬೈಲ್ ಹಿಡಿದರೆ, ಮಗ ಏನು ನೋಡುತ್ತಿದ್ದಾನೆಂದು ತಾಯಿಗೆ ಗೊತ್ತಾಗುವುದಿಲ್ಲ. ಟಿ.ವಿ. ಕೆಟ್ಟದ್ದನ್ನು ಹೇಳಿದಾಗ "ಇದು ಸುಳ್ಳು ಕಣೋ" ಎನ್ನಲು ಪಕ್ಕದಲ್ಲಿ ಅಜ್ಜಿಯಾದರೂ ಇರುತ್ತಿದ್ದಳು. ಟಿ.ವಿ.ಯನ್ನು ಮನೆಗೇ ಸೇರಿಸಬಾರದೆಂದು ವಾದಿಸಿದವರು ಹಿಂದೆ ನಮ್ಮಲ್ಲಿದ್ದರು. ಅಂತಹ ಮನೆಗಳಲ್ಲೂ ಇಂದು ಕೈಗೊಂದು ಮೊಬೈಲ್ ಇದೆ. ಪೂರ್ತಿ ನಿಷೇಧ, ಇಲ್ಲವೇ ಪೂರ್ತಿ ಉದಾಸೀನ: ಇವೆರಡರ ನಡುವೆ ಆಯ್ಕೆ ಎಂಬುದೊಂದಿದೆ ಎಂಬುದನ್ನು ನಾವು ಮರೆತಿದ್ದೇವೆ.

ಇದೇ ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳ ಮೂಲಕ ಇಲ್ಲಿಗೆ ತಲುಪಿದ ಆ ಸಂದೇಶ ಹೇಳುವುದು ತಂದೆತಾಯಿಯರ ಮಾತು ಕೇಳುವುದು, ಪ್ರಾಣಿದಯೆ, ಸತ್ಯ ನುಡಿಯುವುದು ಇಂತಹವನ್ನೇ. ದೂರದಿಂದ ಬಂದ ಮಾತು ಎರಡು ಸಾವಿರ ವರ್ಷ ದಾಟಿಯೂ ಗೌರವ ಉಳಿಸಿಕೊಂಡಿರುವುದು ಈ ಕಾರಣಕ್ಕೆ. ನಮ್ಮ ಮಾಳಿಗೆಗೆ ಇಳಿಯುವ ಮಾತನ್ನೂ ಇದೇ ತಕ್ಕಡಿಯಲ್ಲಿ ತೂಗಬಾರದೇಕೆ?

ಹೊಸ ಮನೆ ಕಟ್ಟಿದವರು ಡಿಶ್ ಕೂರಿಸುವವರನ್ನು ಕರೆಯುವ ಮುನ್ನ ಒಂದು ಸಂಜೆ ಹೆಂಗಸರು, ಮಕ್ಕಳು, ಹಿರಿಯರೆಲ್ಲ ಕೂಡಿ ಕೂರಲಿ. ಬೇಕಾದ ಚಾನೆಲ್‌ಗಳ ಪಟ್ಟಿಯನ್ನು ಒಂದು ಹಾಳೆಯ ಮೇಲೆ ಬರೆಯಲಿ, ಅದರಲ್ಲಿ ಕನ್ನಡಕ್ಕೆ ಮೊದಲ ಜಾಗವಿರಲಿ. ಬೇಡವಾದದ್ದನ್ನು ಹೊಡೆದುಹಾಕಲಿ. ಟಿ.ವಿ. ಪಡಸಾಲೆಯಲ್ಲಿರಲಿ, ಎಲ್ಲರೂ ನೋಡುವಂತಿರಲಿ. ಅತಿಥಿಯನ್ನು ಕರೆಯುವುದು ನಮ್ಮ ಸಂಸ್ಕೃತಿ. ಯಾರನ್ನು ಕರೆಯಬೇಕೆಂದು ತೀರ್ಮಾನಿಸುವುದು ನಮ್ಮ ಜವಾಬ್ದಾರಿ.