ಆನ್ಸ್‌ಕೋಂಬರ ನಾಲ್ಕನೆಯ ಚಿತ್ರ

ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಫ್ರಾನ್ಸಿಸ್ ಆನ್ಸ್‌ಕೋಂಬರು 1973ರಲ್ಲಿ ‘ದಿ ಅಮೆರಿಕನ್ ಸ್ಟ್ಯಾಟಿಸ್ಟಿಶಿಯನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಗಾತ್ರದಲ್ಲಿ ಕಿರಿದು. ಗಣಿತವಿದ್ದಲ್ಲಿ ಚಿತ್ರವೇಕೆ ಎಂಬ ಪಂಡಿತರ ಔದಾಸೀನ್ಯವನ್ನು ಖಂಡಿಸುವುದಕ್ಕಾಗಿ ಅವರು ಅದರಲ್ಲಿ ನಾಲ್ಕು ಅಂಕಿಮಾಲೆಗಳನ್ನು ಕೊಟ್ಟರು. ಇವುಗಳ ಖ್ಯಾತಿ ದೊಡ್ಡದು. ಆದರೆ ನಾಲ್ಕನೆಯ ಮಾಲೆಯ ಅಭಿಪ್ರಾಯವನ್ನು ಪೂರ್ತಿಯಾಗಿ ಗ್ರಹಿಸಿದ ವಿವರಣೆಗಳು ವಿರಳವೆನ್ನಬೇಕು.

ಪ್ರತಿಯೊಂದು ಮಾಲೆಯಲ್ಲಿಯೂ 11 ಜೋಡಿ ಅಂಕಿಗಳಿವೆ. ಅಡ್ಡರಾಶಿಯ ಸರಾಸರಿ 9, ನೆಟ್ಟರಾಶಿಯ ಸರಾಸರಿ 7.5, ಸಹಸಂಬಂಧಾಂಕ 0.82. ಲಘುತಮ ವರ್ಗಗಳ ವಿಧಾನದಿಂದ ಎಳೆದ ಸರಳರೇಖೆಯೂ ನಾಲ್ಕಕ್ಕೂ ಒಂದೇ: ಅಡ್ಡರಾಶಿಯ ಅರ್ಧಕ್ಕೆ 3ನ್ನು ಕೂಡಿಸಿದರೆ ನೆಟ್ಟರಾಶಿಯು ದೊರೆಯುವುದು. ಚಿತ್ರವನ್ನು ಬರೆದೊಡನೆ ಈ ಐಕ್ಯವು ಮಾಯವಾಗುತ್ತದೆ. ಮೊದಲನೆಯದರಲ್ಲಿ ಬಿಂದುಗಳು ರೇಖೆಯ ಇಕ್ಕೆಲಗಳಲ್ಲಿಯೂ ಯಥೋಚಿತವಾಗಿ ಚೆದರಿವೆ. ಎರಡನೆಯದು ಬಿಲ್ಲಿನಂತೆ ಬಾಗಿದೆ. ಮೂರನೆಯದರಲ್ಲಿ ಹತ್ತು ಬಿಂದುಗಳು ಬೇರೊಂದು ರೇಖೆಯ ಮೇಲೆ ಸಾಲಾಗಿ ನಿಂತಿವೆ. ಹನ್ನೊಂದನೆಯದೊಂದೇ ಮೇಲಕ್ಕೆ ಸಿಡಿದಿದೆ.

ಅಳತೆಗೂ ರೇಖೆಯು ಹೇಳುವ ಬೆಲೆಗೂ ಇರುವ ಅಂತರವೇ ಶೇಷ. ಮೂರನೆಯ ಮಾಲೆಯ ಆ ಬಿಂದುವಿನ ಶೇಷ 3.24, ಶೇಷಗಳ ಚಿತ್ರದಲ್ಲಿ ಅದು ತಾನಾಗಿಯೇ ಕಣ್ಣಿಗೆ ಬೀಳುವುದು. ಆದುದರಿಂದ ‘ಶೇಷವು ದೊಡ್ಡದಾದಲ್ಲಿ ದೋಷವನ್ನು ಹುಡುಕು’ ಎಂಬ ಸೂತ್ರವು ಶಿಷ್ಯರಿಗೆ ಸುಲಭವಾಗಿ ರೂಢಿಯಾಗಿದೆ.

ನಾಲ್ಕನೆಯ ಮಾಲೆಯು ಈ ಸೂತ್ರವನ್ನೇ ಮುರಿಯುತ್ತದೆ. ಅಲ್ಲಿ ಹತ್ತು ಅಳತೆಗಳಲ್ಲಿ ಅಡ್ಡರಾಶಿ 8, ಉಳಿದೊಂದರಲ್ಲಿ 19. ಆ ಒಂಟಿ ಬಿಂದುವಿನ ನೆಟ್ಟರಾಶಿ 12.50, ರೇಖೆಯು ಹೇಳುವುದೂ 12.50. ಶೇಷವು ಸೊನ್ನೆ! ಶೇಷಗಳ ಗಾತ್ರವನ್ನೇ ನೋಡುವವನಿಗೆ ಅದಕ್ಕಿಂತ ಸಾಧುವಾದ ಬಿಂದು ಮತ್ತೊಂದಿಲ್ಲ. ವಾಸ್ತವದಲ್ಲಿ ಬಿಂದುವು ರೇಖೆಯ ಮೇಲೆ ಬಂದುದಲ್ಲ, ರೇಖೆಯನ್ನೇ ತನ್ನ ಬಳಿಗೆ ಸೆಳೆದುಕೊಂಡಿತು. ಸನ್ನೆಕೋಲಿನ ತುದಿಯನ್ನು ಹಿಡಿದವನಂತೆ ದೂರದ ಬಿಂದುವಿಗೆ ರೇಖೆಯ ಮೇಲೆ ಇರುವ ಬಲವನ್ನು ಗಣಿತದಿಂದ ಅಳೆಯಬಹುದು. ಇತರ ಹತ್ತಕ್ಕೆ ಅದು ತಲಾ 0.1, ಇದಕ್ಕೆ ಪೂರ್ಣ 1. ಇದನ್ನು ತೆಗೆದರೆ ಇಳಿಜಾರನ್ನು ಗಣಿಸುವುದೇ ಅಸಾಧ್ಯ. ಶೇಷವನ್ನೂ ಈ ಬಲವನ್ನೂ ಕೂಡಿಸಿ ಡೆನಿಸ್ ಕುಕ್ ಅವರು 1977ರಲ್ಲಿ ಸೂಚಿಸಿದ ಮಾನವು ಇತರೆಡೆಗಳಲ್ಲಿ ಬಹೂಪಯೋಗಿ. ಇಲ್ಲಿ ಮಾತ್ರ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವ ಪ್ರಸಂಗವೊದಗಿ ಅದೂ ಮೌನವಾಗುತ್ತದೆ.

ಹೀಗಿರುವಲ್ಲಿ ನಾಲ್ಕೂ ಮಾಲೆಗಳನ್ನು ಒಂದೇ ಉಸಿರಿನಲ್ಲಿ ‘ಚಿತ್ರವನ್ನು ಬರೆಯಿರಿ’ ಎಂಬ ಬೋಧೆಗೆ ಇಳಿಸುವುದು ಅನ್ಯಾಯ. 1963ರಲ್ಲಿಯೇ ಜಾನ್ ಟ್ಯೂಕಿಯವರೊಡನೆ ಶೇಷಗಳ ಪರೀಕ್ಷೆಯನ್ನು ಕುರಿತು ವಿಸ್ತಾರವಾಗಿ ಬರೆದಿದ್ದ ಪಂಡಿತರ ಆಶಯವು ಅಷ್ಟು ತೆಳುವಾಗಿರಲಾರದು. ಮಾಲೆಗಳಿಗೂ ಒಂದು ಮಿತಿಯುಂಟು: ಅಡ್ಡರಾಶಿಯು ಒಂದೇ ಆದುದರಿಂದ ಒಂಟಿ ಬಿಂದುವು ಕಾಗದದ ಮೇಲೆ ಬಯಲಾಗುತ್ತದೆ. ರಾಶಿಗಳು ಐದಾರಾದರೆ, ಒಂದೊಂದರಲ್ಲಿಯೂ ಸಾಮಾನ್ಯವಾಗಿ ತೋರುವ ಬಿಂದುವೇ ಅವುಗಳ ಕೂಟದಲ್ಲಿ ಒಂಟಿಯಾಗಿರಬಹುದು. ಆಗ ಶೇಷಗಳ ಚಿತ್ರದ ಪಕ್ಕದಲ್ಲಿ ಬಲಗಳ ಚಿತ್ರವೂ ಇರತಕ್ಕದ್ದು. ಅದೂ ಕೂಡ ಬಿಂದುವನ್ನು ತೋರಿಸುವುದೇ ಹೊರತು 12.50 ಎಂಬುದು ನಿಜವಾದ ಅಳತೆಯೋ ಬರೆದುಕೊಂಡವನ ಪ್ರಮಾದವೋ ಎಂಬುದನ್ನು ಹೇಳಲಾರದು. ಅದನ್ನು ತಿಳಿಯಲು 19ರ ಬಳಿ ಇನ್ನೊಂದು ಅಳತೆಯನ್ನೇ ತೆಗೆಯಬೇಕು.